ಅಂಗಡಿ ಸರ್ ಮಗಳು ಗಣಿತ ಬಿಟ್ಟದ್ದು

ವಿಜಯಮಹಾಂತೇಶ ಅಂಗಡಿ ಅವರು ಇಳಕಲ್ಲಿನ ಒಂದು ಪದವಿಪೂರ್ವ ಕಾಲೇಜಿಗೆ ಗಣಿತ ಕಲಿಸಲು ಬಂದಾಗ ಅವರ ತಲೆತುಂಬ ಕಪ್ಪು ಕೂದಲಿತ್ತು, ಕಾಲೇಜಿನ ಕಟ್ಟಡಕ್ಕೆ ಹಂಚಿನ ಛಾವಣಿ ಇತ್ತು. ಈಗ ಎರಡೂ ಇಲ್ಲ. ಊರಿನಲ್ಲಿ ಅವರನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಕಡಿಮೆ. ಅಂಗಡಿ ಸರ್ ಮನೆ ಎಲ್ಲಿ ಎಂದು ಕೇಳಿದರೆ ಸಾಕು, ಚಹಾದಂಗಡಿಯವನಿಂದ ಹಿಡಿದು ಗ್ರಾನೈಟ್ ಕಾರ್ಖಾನೆಯ ಮಾಲೀಕನ ತನಕ ಯಾರಾದರೂ ದಾರಿ ತೋರಿಸುತ್ತಾರೆ.

ಅವರ ತಂದೆಗೆ ಕೂಡಲಸಂಗಮದಲ್ಲಿ ವಿಭೂತಿ, ರುದ್ರಾಕ್ಷಿ, ಊದಿನಕಡ್ಡಿ ಮಾರುವ ಸಣ್ಣ ಅಂಗಡಿ ಇತ್ತು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹುಡುಗ ವಿಜಯಮಹಾಂತೇಶ ಅಂಗಡಿಯ ಹಲಗೆಯ ಮೇಲೆ ವಿಭೂತಿಯ ಚೂರಿನಿಂದ ಲೆಕ್ಕ ಬಿಡಿಸುತ್ತ ಕೂಡುತ್ತಿದ್ದ. ತಂದೆ ಬೈಯುತ್ತಿರಲಿಲ್ಲ. ಒಡೆದ ವಿಭೂತಿಯನ್ನು ಹೇಗೂ ಯಾರೂ ಕೊಳ್ಳುತ್ತಿರಲಿಲ್ಲ. ಆ ಹುಡುಗ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮುಗಿಸಿಕೊಂಡು ಬಂದ. ಬಂದವನಿಗೆ ಬದುಕಿನಲ್ಲಿ ಬೇರೇನೂ ಬೇಕೆನಿಸಲಿಲ್ಲ. ಒಂದು ಕರಿಹಲಗೆ, ಎದುರಿಗೆ ನಾಲ್ಕು ಸಾಲು ಬೆಂಚು, ಅಷ್ಟಿದ್ದರೆ ಸಾಕಾಗಿತ್ತು.

ಅವರು ಪಾಠಕ್ಕೆ ಹೋಗುವಾಗ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ. ಬರೀ ಕೈಯಿಂದ ಎಳೆದ ವರ್ತುಲ ಕಂಪಾಸು ಹಿಡಿದು ಎಳೆದಷ್ಟೇ ದುಂಡಗಿರುತ್ತಿತ್ತು. ಲೆಕ್ಕವೊಂದನ್ನು ಮೇಲಿನ ಎಡಮೂಲೆಯಿಂದ ಶುರುಮಾಡಿದರೆ ಅದು ಕೆಳಗಿನ ಬಲಮೂಲೆಗೆ ಬಂದು ಸರಿಯಾಗಿ ಮುಗಿಯುತ್ತಿತ್ತು, ಒಂದು ಸಾಲು ಹೆಚ್ಚಿಲ್ಲ, ಒಂದು ಸಾಲು ಕಡಿಮೆಯಿಲ್ಲ. ಪ್ರತಿ ಹಂತಕ್ಕೂ ಹುಡುಗರ ಕಡೆ ತಿರುಗಿ, "ತಿಳೀತಿಲ್ಲೋ?" ಎನ್ನುತ್ತಿದ್ದರು. "ತಿಳೀತ್ರೀ ಸರ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತಿತ್ತು. ಆ ದನಿ ಕಿವಿಗೆ ಬಿದ್ದ ಮೇಲೆಯೇ ಅವರು ಮುಂದಿನ ಹಂತಕ್ಕೆ ಹೋಗುತ್ತಿದ್ದರು. ವರ್ಷಕ್ಕೆ ಮೂರೋ ನಾಲ್ಕೋ ಹುಡುಗರು ಬಾಗಲಕೋಟೆಗೆ ಇಂಜಿನಿಯರಿಂಗ್ ಓದಲು ಹೋಗುತ್ತಿದ್ದರು, ಹೋಗುವ ಮುಂಚೆ ಪೇಡೆ ತಂದು ಕಾಲಿಗೆ ಬೀಳುತ್ತಿದ್ದರು. ತಮ್ಮ ಕೆಲಸ ನೆಟ್ಟಗೆ ನಡೆದಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಗುರುತು ಬೇಕೆಂದು ಅವರಿಗೆ ಯಾವತ್ತೂ ಅನಿಸಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ನೇತ್ರಾ. ಮಾತು ಕಡಿಮೆಯ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದವು. ಗಣಿತದಲ್ಲೂ ಬಂದವು. ಮುಂದೇನು ಓದುತ್ತೀ ಎಂದು ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ಕೇಳಬಾರದೆಂದು ಅಲ್ಲ, ಕೇಳುವಂಥದ್ದು ಏನಾದರೂ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ಅಪ್ಪನ ಕಾಲೇಜು ಇತ್ತು, ಅಪ್ಪನ ವಿಷಯ ಇತ್ತು. ಜೂನ್ ತಿಂಗಳಲ್ಲಿ ಅವಳು ಹೊಸ ಚೂಡಿದಾರ ಹಾಕಿಕೊಂಡು ಅಪ್ಪನ ಸ್ಕೂಟರಿನ ಹಿಂದೆ ಕುಳಿತು ಕಾಲೇಜಿಗೆ ಹೋದಳು. ಗೇಟಿನ ಒಳಗೆ ಹೋದ ಮೇಲೆ ಅವರನ್ನು ಸರ್ ಎಂದು ಕರೆಯಬೇಕು ಎಂದು ತಾಯಿ ಶೀಲಾ ಹಿಂದಿನ ದಿನವೇ ಹೇಳಿಕೊಟ್ಟಿದ್ದಳು.

ಮೊದಲ ಪರೀಕ್ಷೆಯ ಗಣಿತದ ಉತ್ತರ ಪತ್ರಿಕೆಗಳನ್ನು ವಿಜಯಮಹಾಂತೇಶರೇ ತಿದ್ದಿದರು. ಮಗಳದ್ದು ಬಂದಾಗ ಅದನ್ನು ಬದಿಗಿಟ್ಟು ಉಳಿದವನ್ನೆಲ್ಲ ಮುಗಿಸಿ ಕೊನೆಗೆ ತೆರೆದರು. ಅಕ್ಷರ ಮುತ್ತಿನಂತಿತ್ತು. ಎಡಕ್ಕೆ ಅಂಚು ಬಿಟ್ಟು, ಪ್ರತಿ ಪ್ರಶ್ನೆಯ ಕೆಳಗೆ ಗೆರೆ ಎಳೆದು, ಅಪ್ಪ ಬೋರ್ಡಿನ ಮೇಲೆ ಬರೆಯುವಂತೆಯೇ ಬರೆದಿದ್ದಳು. ಒಂದೇ ಒಂದು ಲೆಕ್ಕವೂ ಸರಿ ಇರಲಿಲ್ಲ. ಒಂದು ಲೆಕ್ಕದ ಮೊದಲರ್ಧಕ್ಕೆ ಇನ್ನೊಂದು ಲೆಕ್ಕದ ಕೊನೆಯರ್ಧ ಅಂಟಿಕೊಂಡಿತ್ತು. ಬಾಯಿಪಾಠ ಮಾಡಿದ್ದು ನಡುವೆ ತಪ್ಪಿಹೋದಾಗ ಹಾಗಾಗುತ್ತದೆ. ಅಲ್ಲೊಂದು ಇಲ್ಲೊಂದು ಅಂಕ ಹುಡುಕಿದರೂ ಪಾಸಿನ ಹತ್ತಿರಕ್ಕೆ ಬರಲಿಲ್ಲ.

ಆ ಭಾನುವಾರ ಮುಂಜಾನೆ ಚುರುಮುರಿ ಸೂಸಲ ತಿನ್ನುತ್ತ ಕುಳಿತಿದ್ದಾಗ ನೇತ್ರಾ ತಾಟು ಕೆಳಗಿಟ್ಟಳು.

"ಅಪ್ಪಾಜಿ, ನಾ ಮ್ಯಾಥ್ಸ್ ಬಿಡ್ತೇನ್ರಿ."

ಅವರಿಗೆ ಅರ್ಥವಾಗಲಿಲ್ಲ. "ಮ್ಯಾಥ್ಸ್ ಬಿಟ್ಟರ ನಮ್ಮ ಕಾಲೇಜಿನ್ಯಾಗ ಸೈನ್ಸ್ ಎಲ್ಲೈತಿ?"

"ಸೈನ್ಸೂ ಬಿಡ್ತೇನಿ. ಆರ್ಟ್ಸಿಗೆ ಹೋಗ್ತೇನಿ. ಬದಲಿ ಮಾಡಾಕ ಇನ್ನೂ ಟೈಮ್ ಐತಂತ."

ಶೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದರೆ ಈ ಮಾತು ತಾಯಿ ಮಗಳ ನಡುವೆ ಮೊದಲೇ ಆಗಿದೆ ಎಂದು ತಿಳಿಯುತ್ತಿತ್ತು.

"ಶುರುವಿಗೆ ಎಲ್ಲಾರಿಗೂ ಹಂಗ ಆಗತೈತಿ," ಎಂದರು ವಿಜಯಮಹಾಂತೇಶ. "ಒಂದ ಪರೀಕ್ಷಾಕ್ಕ ಯಾರರ ಬಿಡ್ತಾರೇನು? ನಾಳಿಯಿಂದ ಮುಂಜಾನೆ ಲಗೂ ಏಳು. ನಾ ಹೇಳಿಕೊಡ್ತೇನಿ."

ಅವಳು ಹೂಂ ಎಂದಳು.

ಮರುದಿನದಿಂದ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಓಣಿಯಲ್ಲಿ ಇನ್ನೂ ಮಗ್ಗಗಳ ಸದ್ದು ಎದ್ದಿರುತ್ತಿರಲಿಲ್ಲ. ಮಗಳಿಗೆ ಶೀಲಾ ಹಾಲು ಕಾಸಿ ಕೊಡುತ್ತಿದ್ದಳು. ವಿಜಯಮಹಾಂತೇಶರು ಗೋಡೆಗೆ ಒರಗಿಸಿದ ಸಣ್ಣ ಬೋರ್ಡಿನ ಮೇಲೆ ಮೊದಲಿನಿಂದ ಬಿಡಿಸಿ ಹೇಳುತ್ತಿದ್ದರು. ಕಾಲೇಜಿನಲ್ಲಿ ಹೇಳುವುದಕ್ಕಿಂತ ನಿಧಾನ, ಕಾಲೇಜಿನಲ್ಲಿ ಹೇಳುವುದಕ್ಕಿಂತ ಅಕ್ಕರೆ. ಮಗಳು ಕಣ್ಣು ಅಲುಗಿಸದೆ ನೋಡುತ್ತಿದ್ದಳು, ಹೂಂ ಎನ್ನುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಅವರಿಗೆ ಧೈರ್ಯ ಬಂತು. ಹುಡುಗಿ ಹಾದಿಗೆ ಹತ್ತಿದಳು ಎಂದು ಹೆಂಡತಿಗೆ ಹೇಳಿದರು. ಶೀಲಾ ಹಾಲಿನ ಲೋಟ ಎತ್ತಿಕೊಂಡು ಒಳಗೆ ಹೋದಳು.

ಒಂದು ದಿನ ಮುಂಜಾನೆ ತ್ರಿಕೋನಮಿತಿಯ ಸೂತ್ರವೊಂದನ್ನು ಬರೆಯುತ್ತಿದ್ದಾಗ ಅವರ ಕೈ ತಪ್ಪಿತು. ಕಳೆಯುವ ಚಿಹ್ನೆ ಇರಬೇಕಾದಲ್ಲಿ ಕೂಡಿಸುವ ಚಿಹ್ನೆ ಹಾಕಿದ್ದರು. ಹಾಗಾಗುವುದು ಅಪರೂಪ. ಒರೆಸಲು ಕೈ ಎತ್ತುವ ಮುಂಚೆ, ರೂಢಿಯಂತೆ, "ತಿಳೀತಿಲ್ಲೋ?" ಎಂದಿದ್ದರು. ಮಗಳು ಹೂಂ ಎಂದಳು.

ಅವರು ಕೈ ಕೆಳಗಿಳಿಸಿದರು. ಹಿಂದಿನ ದಿನವಷ್ಟೇ ಆ ಸೂತ್ರವನ್ನು ಅರ್ಧ ತಾಸು ಬಿಡಿಸಿ ಹೇಳಿದ್ದರು.

"ಇದು ತಪ್ಪೈತಿ ನೋಡು," ಎಂದರು.

ನೇತ್ರಾ ಬೋರ್ಡು ನೋಡಿದಳು. ಎಲ್ಲಿ ತಪ್ಪಿದೆ ಎಂದು ಅವಳ ಕಣ್ಣು ಹುಡುಕುತ್ತಿತ್ತು. ಸಿಗಲಿಲ್ಲ.

"ಮತ್ತ ಹೂಂ ಅಂತ ಯಾಕ ಅಂದಿ?"

"ನೀವು ಕೇಳಿದ್ರಿ, ಅದಕ್ಕ."

"ತಿಳೀಲಿಲ್ಲಂದ್ರ ತಿಳೀಲಿಲ್ಲ ಅನಬೇಕಿಲ್ಲೋ. ನಾ ಏನ್ ಹೊಡೀತೇನೇನು?"

ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನೀವು ಹೇಳೂದು ಭಾಳ ಚಂದ ಇರತೈತ್ರಿ ಅಪ್ಪಾಜಿ. ಅದನ್ನ ನೋಡ್ಕೋತ ಕುಂತ ಬಿಡ್ತೇನಿ. ನಡುವ ತಿಳೀಲಿಲ್ಲ ಅಂದ್ರ ನಿಮ್ಮ ಮಾರಿ ಒಂಥರಾ ಆಗತೈತಿ. ಸಿಟ್ಟಲ್ಲ. ಬ್ಯಾರೇನೋ. ಅದನ್ನ ನೋಡಾಕ ಯಾರಿಗೂ ಆಗೂದಿಲ್ಲ. ಅದಕ್ಕ ಎಲ್ಲಾರೂ ತಿಳೀತು ಅಂತಾರ."

"ಎಲ್ಲಾರೂ ಅಂದ್ರ?"

"ಕ್ಲಾಸಿನ್ಯಾಗ. ಮುಂದಿನ ಬೆಂಚಿನವರು ಒಂದಿಬ್ಬರನ್ನ ಬಿಟ್ಟು."

ಅವರು ಬೋರ್ಡು ಒರೆಸಿದರು. ಅವತ್ತಿನ ಪಾಠ ಅಲ್ಲಿಗೇ ನಿಂತಿತು.

ಮಗಳು ತನ್ನ ಸೋಲಿಗೆ ಇಡೀ ತರಗತಿಯನ್ನು ಜೊತೆಗೆ ಕರೆದುಕೊಳ್ಳುತ್ತಿದ್ದಾಳೆ ಎಂದು ಅವರು ಮೊದಮೊದಲು ಅಂದುಕೊಂಡರು. ಆದರೆ ಮಾತು ಮನಸ್ಸಿನಿಂದ ಹೋಗಲಿಲ್ಲ. ಎರಡು ದಿನ ಬಿಟ್ಟು ಕಾಲೇಜಿನಲ್ಲಿ ಅದೇ ಸೂತ್ರದ ಲೆಕ್ಕ ಮಾಡುವಾಗ ಬೇಕೆಂದೇ ಅದೇ ತಪ್ಪು ಬರೆದರು. ಬರೆದು ತಿರುಗಿ ಎಂದಿನಂತೆ ಕೇಳಿದರು. ಎಂದಿನಂತೆ ಉತ್ತರ ಬಂತು, ಒಂದೇ ದನಿಯಲ್ಲಿ, ಗಟ್ಟಿಯಾಗಿ.

ಮುಂದಿನ ಬೆಂಚಿನಲ್ಲಿ ಜಯಶ್ರೀ ಎಂಬ ಹುಡುಗಿ ಕೂಡುತ್ತಿದ್ದಳು. ಕುರಿ ಸಾಕುವ ಮನೆಯವಳು, ದಿನಾ ಹಳ್ಳಿಯಿಂದ ಬಸ್ಸಿಗೆ ಬರುವವಳು, ಆ ವರ್ಷದ ತರಗತಿಯಲ್ಲಿ ಎಲ್ಲರಿಗಿಂತ ಜಾಣೆ. ಅವಳ ಪೆನ್ನು ನಿಂತಿತು. ಬೋರ್ಡು ನೋಡಿದಳು, ತನ್ನ ನೋಟ್‌ಬುಕ್ ನೋಡಿದಳು, ಸರ್ ಮುಖ ನೋಡಿದಳು. ಕೇಳುತ್ತಾಳೆ ಎಂದು ವಿಜಯಮಹಾಂತೇಶರು ಕಾದರು. ಅವಳು ತಾನು ಸರಿಯಾಗಿ ಬರೆದುಕೊಂಡಿದ್ದ ಚಿಹ್ನೆಯನ್ನು ಹೊಡೆದುಹಾಕಿ ಬೋರ್ಡಿನ ಮೇಲಿದ್ದ ತಪ್ಪು ಚಿಹ್ನೆಯನ್ನು ಬರೆದುಕೊಂಡಳು.

ನಾಲ್ಕನೇ ಬೆಂಚಿನಲ್ಲಿ ನೇತ್ರಾ ತಲೆ ತಗ್ಗಿಸಿ ಕುಳಿತಿದ್ದಳು. ಅಪ್ಪ ಏನು ಮಾಡುತ್ತಿದ್ದಾರೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಆ ವಾರ ಸ್ಕೂಟರಿನ ಬ್ರೇಕು ಸಡಿಲಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ರಾಜಮಹ್ಮದನ ಗ್ಯಾರೇಜಿಗೆ ಹೋದರು. ರಾಜಮಹ್ಮದ ಅವರ ಹಳೆಯ ವಿದ್ಯಾರ್ಥಿ, ಪಿಯುಸಿ ದಾಟಲಾರದೆ ತಂದೆಯ ಗ್ಯಾರೇಜಿನಲ್ಲಿ ಕುಳಿತವನು. ಅಂಗಡಿ ಸರ್ ಬಂದರೆಂದರೆ ಎದ್ದು ಕೈ ಒರೆಸಿಕೊಂಡು ಖುರ್ಚಿ ಹಾಕುತ್ತಿದ್ದ, ಚಹಾ ತರಿಸುತ್ತಿದ್ದ.

"ರಾಜಮಹ್ಮದ, ಖರೆ ಹೇಳು," ಎಂದರು ಅವರು. "ನನ್ನ ಕ್ಲಾಸು ನಿನಗ ತಿಳೀತಿತ್ತೇನು?"

ಸ್ಪ್ಯಾನರು ಹಿಡಿದಿದ್ದ ಅವನು ನಕ್ಕ. "ಏ, ಏನ್ ಕೇಳ್ತೀರಿ ಸರ್. ನಿಮ್ಮ ಕ್ಲಾಸ್ ಅಂದ್ರ ನಾವು ಒಂದಿನಾನೂ ತಪ್ಪಸ್ತಿದ್ದಿಲ್ಲ. ಏನ್ ಬರೀತಿದ್ರಿ, ಏನ್ ಹೇಳ್ತಿದ್ರಿ. ಈಗೂ ದೋಸ್ತರು ಕೂಡಿದ್ರ ಅದ ಮಾತು."

"ಅದಲ್ಲೋ. ತಿಳೀತಿತ್ತೇನು?"

"ತಿಳೀತಿರಲಿಲ್ಲ ಬಿಡ್ರಿ ಸರ್," ಎಂದ ರಾಜಮಹ್ಮದ, ಸಂಕೋಚವಿಲ್ಲದೆ, ಪ್ರೀತಿಯಿಂದಲೇ. "ಅದು ನಮ್ಮ ತಲಿ. ನೀವೇನ್ ಮಾಡ್ತೀರಿ. ಚಹಾ ಕುಡೀರಿ, ಆರತೈತಿ."

ಅವರು ಚಹಾ ಕುಡಿದರು. ಬ್ರೇಕು ಸರಿಯಾಯಿತು. ಮನೆಗೆ ಬರುವ ದಾರಿಯಲ್ಲಿ ಕೆಂಪು ಕಲ್ಲಿನ ದೊಡ್ಡ ದಿಮ್ಮಿ ಹೊತ್ತ ಲಾರಿಯೊಂದು ಮುಂದೆ ಹೋಗುತ್ತಿತ್ತು. ದಾಟಿ ಹೋಗಲು ಜಾಗ ಇದ್ದರೂ ಅವರು ಅದರ ಧೂಳಿನಲ್ಲೇ ಹಿಂದೆ ಹಿಂದೆ ಬಂದರು. ಇಷ್ಟು ವರ್ಷಗಳಲ್ಲಿ ತಮ್ಮ ಎದುರಿಗೆ ಕುಳಿತು ಎದ್ದುಹೋದ ಮಕ್ಕಳ ಮುಖಗಳು ನೆನಪಿಗೆ ಬರುತ್ತಿದ್ದವು. ಪೇಡೆ ತಂದವರ ಮುಖಗಳಲ್ಲ. ಆ ಮೂರು ನಾಲ್ಕು ಜನ ಯಾರು ಕಲಿಸಿದರೂ ಕಲಿಯುತ್ತಿದ್ದರೇನೋ ಎಂಬ ವಿಚಾರ ಅವರಿಗೆ ಅವತ್ತೇ ಮೊದಲ ಸಲ ಬಂತು.

ಮನೆಗೆ ಬಂದು ಶೀಲಾಳಿಗೆ, "ನೇತ್ರಾ ಮ್ಯಾಥ್ಸ್ ಬಿಡಲಿ. ನಾಳೆ ಪ್ರಿನ್ಸಿಪಾಲರಿಗೆ ಹೇಳ್ತೇನಿ," ಎಂದರು.

ಶೀಲಾ ಹೊಲಿಗೆ ಯಂತ್ರ ನಿಲ್ಲಿಸಿದಳು. "ಅಕಿಗೆ ನೀವ ಹೇಳ್ರಿ. ಹದಿನೈದ ದಿನದಿಂದ ನೆಟ್ಟಗ ಉಂಡಿಲ್ಲ."

ಹೇಳಿದರು. ನೇತ್ರಾ ಅಪ್ಪನ ಮುಖ ನೋಡಿದಳು, ನಿಜವೇ ಎಂದು ನೋಡುವಂತೆ. ಆ ಸಂಜೆ ಎರಡು ರೊಟ್ಟಿ ತಿಂದಳು, ಟೀವಿ ಮುಂದೆ ಕುಳಿತು ತಾಯಿಯ ಜೊತೆ ಏನಕ್ಕೋ ನಕ್ಕಳು.

ಪ್ರಿನ್ಸಿಪಾಲ ಸಂಗಯ್ಯ ಹಿರೇಮಠರು ಕೆಟ್ಟ ಮನುಷ್ಯರಲ್ಲ. ವಿಷಯ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂಗಡಿಯವರ, ಮನಿ ಮಾತು ಬ್ಯಾರೆ, ಇಲ್ಲಿ ಮಾತು ಬ್ಯಾರೆ. ಸೈನ್ಸಿಗೆ ವರ್ಷ ವರ್ಷ ಮಕ್ಕಳು ಕಡಿಮಿ ಆಗಾಕತ್ತಾರ. ಎಲ್ಲಾರೂ ಬಾಗಲಕೋಟಿ, ವಿಜಯಪುರ ಅಂತ ಹೊಂಟಾರ. ನಮ್ಮ ಕಾಲೇಜಿಗೆ ಬರೂ ಪಾಲಕರು ಏನ್ ಅಂತ ಬರ್ತಾರ ಹೇಳ್ರಿ? ಅಂಗಡಿ ಸರ್ ಅದಾರ ಅಂತ ಬರ್ತಾರ. ಈಗ ಅಂಗಡಿ ಸರ್ ಮಗಳ ಮ್ಯಾಥ್ಸ್ ಆಗವಲ್ಲದು ಅಂತ ಬಿಟ್ಟಳಂದ್ರ?"

ಹಿರೇಮಠರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ನಾ ಬ್ಯಾಡ ಅನ್ನೂದಿಲ್ಲ. ಪಾಲಕರ ಸಭಾ ಒಂದು ಮುಗೀಲಿ. ಆಮ್ಯಾಲ ಸುಮ್ಮನ ಬದಲಿ ಮಾಡಿಬಿಡೂಣು. ತಾರೀಖಿಂದು ನಾ ನೋಡ್ಕೋತೇನಿ."

ತಾರೀಖು ಯಾರ ಕೈಯಲ್ಲೂ ಇಲ್ಲ ಎಂದು ವಿಜಯಮಹಾಂತೇಶರಿಗೆ ಗೊತ್ತಿತ್ತು. ಎಲ್ಲ ಕಂಪ್ಯೂಟರಿನಲ್ಲಿ, ಬೆಂಗಳೂರಿನಿಂದ ನಡೆಯುವ ಕೆಲಸ. ಅವತ್ತೇ ಆಗಬೇಕು ಎಂದು ಪಟ್ಟು ಹಿಡಿದಿದ್ದರೆ ಹಿರೇಮಠರು ಇಲ್ಲವೆನ್ನುತ್ತಿರಲಿಲ್ಲ. ಆದರೆ ಹೊರಗೆ ಬರುವಾಗ ಅವರಿಗೆ ಎದೆ ಹಗುರಾದಂತೆ ಅನಿಸಿತು. ಇನ್ನೂ ಸ್ವಲ್ಪ ದಿನ ಸಿಕ್ಕಿತು ಎಂಬ ಹಗುರ. ತಮ್ಮದೇ ವಿಷಯವನ್ನು ತಮ್ಮದೇ ಮಗಳು ಬಿಟ್ಟುಹೋಗುವುದನ್ನು ನೋಡುವ ದಿನ ಮುಂದೆ ಹೋಯಿತು ಎಂಬ ಹಗುರ. ಈ ದಿನಗಳಲ್ಲಿ ತಾನು ಬೇರೆ ರೀತಿಯಲ್ಲಿ ಕಲಿಸಿದರೆ ಅವಳಿಗೂ ತಿಳಿದೀತು, ಎಲ್ಲರಿಗೂ ತಿಳಿದೀತು ಎಂಬ ಆಸೆಯೂ ಅದರೊಳಗೆ ಇತ್ತು.

"ಸಭಾ ಆಗೂತನಕ ತಡಿ," ಎಂದು ಮಗಳಿಗೆ ಹೇಳಿದರು. ಅವಳು ತಲೆಯಾಡಿಸಿದಳು. ಅವತ್ತು ಅವಳ ಊಟ ಮತ್ತೆ ಅರ್ಧಕ್ಕೆ ನಿಂತದ್ದನ್ನು ಶೀಲಾ ನೋಡಿದಳು, ಅವರು ನೋಡಲಿಲ್ಲ.

ಅವರು ನಿಜವಾಗಿಯೂ ಬೇರೆ ರೀತಿಯಲ್ಲಿ ಕಲಿಸಲು ನೋಡಿದರು. ಮರುದಿನ ತರಗತಿಗೆ ಹೋಗಿ, ತಿಳಿಯಿತೇ ಎಂದು ಕೇಳುವುದನ್ನು ಬಿಟ್ಟು, ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆದರು. ಬಂದ ಹುಡುಗ ಸೀಮೆಸುಣ್ಣ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದ. ಹತ್ತನೇ ತರಗತಿಯ ಲೆಕ್ಕಕ್ಕೆ ಇಳಿದರು. ಅಲ್ಲಿಯೂ ಹುಡುಗರು ಹಾಗೇ ನಿಂತರು. ಎಂಟನೇ ತರಗತಿಗೆ ಇಳಿದರು. ಭಿನ್ನರಾಶಿ ಕೂಡಿಸುವುದೇ ಅರ್ಧ ಜನಕ್ಕೆ ಬರುತ್ತಿರಲಿಲ್ಲ. ಅಷ್ಟೆಲ್ಲ ಅಂಕ ತೆಗೆದುಕೊಂಡು ಬಂದ ಮಕ್ಕಳು. ಒಂದು ಮನೆಯ ಅಡಿಪಾಯ ಸರಿ ಮಾಡಲು ಅಗೆದಷ್ಟೂ ಕೆಳಗೆ ಬರೀ ಉಸುಕು ಸಿಗುವಂತಾಯಿತು. ಹುಡುಗರಿಗೆ ಬೋರ್ಡಿಗೆ ಬಂದು ನಿಲ್ಲುವುದು ಅವಮಾನವಾಗತೊಡಗಿತು. ಕೆಲವರು ಅಂಗಡಿ ಸರ್ ತಾಸಿಗೆ ಬರುವುದನ್ನೇ ಬಿಟ್ಟರು. ಹಿಂದೆ ಯಾವತ್ತೂ ಹಾಗಾಗಿರಲಿಲ್ಲ.

ಪಾಲಕರ ಸಭೆಯ ದಿನ ಕಾಶಪ್ಪ ಎಂಬ ಬಟ್ಟೆ ವ್ಯಾಪಾರಿ ಎದ್ದು ನಿಂತು ಕೇಳಿದ. ಅವನ ಮಗನೂ ಅದೇ ತರಗತಿಯಲ್ಲಿದ್ದ.

"ಸರ್, ನಿಮ್ಮ ಮ್ಯಾಲ ಭಾಳ ಗೌರವ ಐತ್ರಿ. ಆದ್ರ ಬಾಗಲಕೋಟ್ಯಾಗ ಐದು ಪಾಠ ಮುಗದಾವಂತ, ನೀವು ಇನ್ನೂ ಸಣ್ಣ ಹುಡುಗರ ಲೆಕ್ಕ ಮಾಡಸಾಕತ್ತೀರಿ ಅಂತಾನ ನಮ್ಮ ಹುಡುಗ. ಪೋರ್ಷನ್ ಮುಗಿಯೂದು ಹ್ಯಾಂಗ?"

ಉಳಿದವರು ಹೌದೆಂದರು. ಹುಡುಗರಿಗೆ ಕೆಳಗಿನ ಲೆಕ್ಕವೇ ಬರುವುದಿಲ್ಲ ಎಂದು ವಿಜಯಮಹಾಂತೇಶರು ಹೇಳಲು ಹೋದರು. ಹಾಗಾದರೆ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ಹೇಗೆ ಬಂತು ಎಂದು ಇನ್ನೊಬ್ಬರು ಕೇಳಿದರು. ವಿಜಯಮಹಾಂತೇಶರ ಮಗಳಿಗೂ ಅಷ್ಟೇ ಬಂದಿತ್ತು. ಸಭೆ ಮುಗಿದ ಮೇಲೆ ಹಿರೇಮಠರು ಹೆಗಲ ಮೇಲೆ ಕೈ ಇಟ್ಟು, "ಮೊದಲಿನಂಗ ನಡಸ್ರಿ ಅಂಗಡಿಯವರ. ಅದ ಚಲೋ ಇತ್ತು," ಎಂದರು.

ಮರುದಿನದಿಂದ ಅವರು ಮೊದಲಿನಂತೆ ನಡೆಸಿದರು. ಎಡಮೂಲೆಯಿಂದ ಬಲಮೂಲೆಗೆ. ಹುಡುಗರು ಮತ್ತೆ ಬರತೊಡಗಿದರು. ಎಲ್ಲರಿಗೂ ಸಮಾಧಾನವಾಯಿತು.

ವಿಷಯ ಬದಲಿಸುವ ಮಾತು ಎತ್ತಿದಾಗ ಹಿರೇಮಠರು ಕಂಪ್ಯೂಟರಿನವನನ್ನು ಕರೆದು ಕೇಳಿದರು. ವಿಷಯ ಬದಲಾವಣೆ ಹಿಂದಿನ ವಾರವೇ ಬಂದ್ ಆಗಿದೆ ಎಂದು ಅವನು ಹೇಳಿದ. "ಅರೇ, ನನಗ ಖಬರನ ಇರಲಿಲ್ಲ ನೋಡ್ರಿ," ಎಂದರು ಹಿರೇಮಠರು. ಅವರಿಗೆ ಗೊತ್ತಿತ್ತೋ ಇಲ್ಲವೋ, ವಿಜಯಮಹಾಂತೇಶರು ಆ ಬಗ್ಗೆ ವಿಚಾರ ಮಾಡಲಿಲ್ಲ. ತಾರೀಖು ಯಾರಿಗೂ ಕಾಯುವುದಿಲ್ಲ ಎಂದು ತಮಗೆ ಗೊತ್ತಿತ್ತು, ಅಷ್ಟೇ ಸಾಕಾಗಿತ್ತು.

ನೇತ್ರಾ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವರು ಮೆಟ್ಟಿಲ ಹತ್ತಿರವೇ ನಿಂತು ಹೇಳಿದರು.

"ಆನ್‌ಲೈನ್ ಬಂದ್ ಆಗೇತಂತ ನೇತ್ರಾ. ಈ ವರ್ಷ ಬದಲಿ ಆಗೂದಿಲ್ಲ."

"ಆತು ಬಿಡ್ರಿ ಅಪ್ಪಾಜಿ," ಎಂದಳು ಅವಳು. ಒಂದು ಬೆಡ್‌ಶೀಟಿನ ತುದಿಗಳನ್ನು ಜೋಡಿಸಿ ಮಡಿಚುತ್ತಿದ್ದಳು, ಮಡಿಚುವುದನ್ನು ನಿಲ್ಲಿಸಲಿಲ್ಲ. ಬೈದಿದ್ದರೆ, ಅತ್ತಿದ್ದರೆ ಅವರಿಗೆ ಹೇಳಲು ಏನಾದರೂ ಸಿಗುತ್ತಿತ್ತು.

ಆ ವರ್ಷವೆಲ್ಲ ಅವಳು ನಾಲ್ಕನೇ ಬೆಂಚಿನಲ್ಲಿ ಕುಳಿತಳು. ಒಂದು ದಿನವೂ ತಪ್ಪಿಸಲಿಲ್ಲ. ಮುಂಜಾನೆಯ ಪಾಠ ಕೆಲವು ದಿನ ನಡೆಯಿತು. ಒಂದು ದಿನ ಅವರು ಅವಳನ್ನು ಎಬ್ಬಿಸಲಿಲ್ಲ, ಅವಳೂ ತಾನಾಗಿ ಏಳಲಿಲ್ಲ. ಅಲ್ಲಿಗೆ ಅದು ಮುಗಿಯಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಲೆಕ್ಕ ಹೇಳುವುದನ್ನು ಅವಳು ನೋಡುತ್ತಿದ್ದಳು. ಅಪ್ಪ ಬಂದರೆ ಮೊಬೈಲು ಮಗುಚಿ ಇಡುತ್ತಿದ್ದಳು, ಕದ್ದು ಏನೋ ಮಾಡುತ್ತಿದ್ದವಳಂತೆ. ಅದೂ ಅವಳಿಗೆ ತಿಳಿಯುತ್ತಿರಲಿಲ್ಲ ಎಂದು ಅವಳ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ತಿಳಿಯದ ಕಣ್ಣು ಹೇಗಿರುತ್ತದೆ ಎಂಬುದನ್ನು ಅವರು ಈಗ ಕಲಿತಿದ್ದರು. ತರಗತಿಯ ತುಂಬ ಅಂಥ ಕಣ್ಣುಗಳೇ ಕಾಣುತ್ತಿದ್ದವು. ಮೊದಲು ಎಷ್ಟು ಸುಖವಿತ್ತು, ಅವು ಕಾಣುತ್ತಿರಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ನೇತ್ರಾ ಗಣಿತದಲ್ಲಿ ನಪಾಸಾದಳು. ಮೊದಲ ವರ್ಷದ ಉತ್ತರ ಪತ್ರಿಕೆಗಳನ್ನು ಕಾಲೇಜಿನಲ್ಲೇ ತಿದ್ದುತ್ತಾರೆ. ಹಿರೇಮಠರು ಅವರನ್ನು ಕೋಣೆಗೆ ಕರೆದು, "ಎಲ್ಲಾ ಕಾಲೇಜಿನ್ಯಾಗೂ ಒಂದೀಟು ಕೈ ಸಡಲ ಬಿಡ್ತಾರ್ರಿ. ನಿಮ್ಮ ಕೈಯಾಗ ಐತಿ. ನಾನೂ ಸಹಿ ಮಾಡ್ತೇನಿ," ಎಂದರು. ಬೇರೆ ಕೆಲವು ಮಕ್ಕಳಿಗೆ ಹಿರೇಮಠರು ಹಾಗೆ ಮಾಡಿಯೂ ಇದ್ದರು.

"ಬ್ಯಾಡ್ರಿ," ಎಂದರು ವಿಜಯಮಹಾಂತೇಶ. "ಮುಂದಿನ ವರ್ಷ ಇದಕ್ಕಿಂತ ಕಠಿಣ ಇರತೈತಿ. ಮತ್ತ ಒಂದು ವರ್ಷ ಅಕಿ ಅಲ್ಲಿ ಕುಂದರೂದನ್ನ ನಾ ನೋಡಲಾರೆ."

ಮನೆಯಲ್ಲಿ ಈ ಮಾತು ತಿಳಿದಾಗ ಶೀಲಾ ಬಹಳ ನೊಂದಳು. "ಬಿಡಾಕ ಬಿಡಬೇಕಾದಾಗ ಬಿಡಲಿಲ್ಲ. ದಾಟಸಬೇಕಾದಾಗ ದಾಟಸಲಿಲ್ಲ. ಅಕಿ ನಿಮಗ ಏನ್ ಮಾಡ್ಯಾಳ?" ಎಂದು ಕೇಳಿದಳು. ಅವರು ಮಗಳ ಒಳ್ಳೆಯದಕ್ಕೇ ಮಾಡಿದೆ ಎಂದರು. ಹೇಳುವಾಗಲೇ ತಮ್ಮ ದನಿ ತಮಗೆ ನಂಬಿಕೆಯಿಲ್ಲದಂತೆ ಕೇಳಿತು. ಮಗಳಿಗಾಗಿ ಮಾಡಿದೆನೋ, ಅಂಗಡಿ ಸರ್ ಸ್ವಂತ ಮಗಳಿಗೂ ಅಂಕ ಕೊಡಲಿಲ್ಲ ಎಂದು ಊರು ಹೇಳಲಿ ಎಂದು ಮಾಡಿದೆನೋ. ಊರು ಹಾಗೆ ಹೇಳಿತು ಕೂಡ. ಹೊಗಳಿಯೇ ಹೇಳಿತು.

ಜೂನ್ ಬಂತು. ಅದೇ ಕಾಲೇಜಿನಲ್ಲಿ ಆರ್ಟ್ಸಿಗೆ ಸೇರಿಸೋಣ ಎಂದು ವಿಜಯಮಹಾಂತೇಶರು ಹೇಳಿದರು.

"ಇಲ್ಲಿ ಬ್ಯಾಡ್ರಿ," ಎಂದಳು ನೇತ್ರಾ. "ಹುನಗುಂದಕ್ಕ ಹೋಗ್ತೇನಿ. ಅಲ್ಲಿ ಯಾರಿಗೂ ನಾ ಯಾರ ಮಗಳು ಅಂತ ಗೊತ್ತಿರೂದಿಲ್ಲ."

ಸೇರಿಸಲು ತಾಯಿ ಜೊತೆಗೆ ಹೋದಳು. ಒಂದು ವರ್ಷ ಚಿಕ್ಕವರ ಜೊತೆ ಅವಳು ಮತ್ತೆ ಮೊದಲ ವರ್ಷಕ್ಕೆ ಕುಳಿತಳು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಅಂಕ ಹೇಗೆ ಬರುತ್ತವೆ ಎಂದು ಅವರು ಕೇಳಿದರೆ, "ಬರ್ತಾವ್ರಿ," ಎನ್ನುತ್ತಿದ್ದಳು. ದಿನಾ ಮುಂಜಾನೆ ಡಬ್ಬಿ ಹಿಡಿದುಕೊಂಡು ತಾನೇ ನಡೆದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಸ್ಕೂಟರಿನ ಮೇಲೆ ಬಿಡುತ್ತೇನೆ ಎಂದರೆ, ನಿಮಗೆ ತಡವಾಗುತ್ತದೆ ಎನ್ನುತ್ತಿದ್ದಳು. ಸಿಟ್ಟಿನ ಮಾತಲ್ಲ ಅದು. ಬೇರೆಯವರ ಮನೆಯ ಹಿರಿಯರಿಗೆ ಹೇಳುವಂಥ ಮರ್ಯಾದೆಯ ಮಾತು.

ಅತ್ತ ಕಾಲೇಜಿನಲ್ಲಿ ಆ ವರ್ಷ ವಿಜ್ಞಾನಕ್ಕೆ ಹಿಂದಿನ ವರ್ಷಕ್ಕಿಂತ ಕಡಿಮೆ ಮಕ್ಕಳು ಬಂದರು. ನೇತ್ರಾ ಹಿಂದಿನ ವರ್ಷವೇ ವಿಷಯ ಬಿಟ್ಟಿದ್ದರೂ ಅಷ್ಟೇ ಬರುತ್ತಿದ್ದರು. ಯಾರೂ ಅದರ ಮಾತೆತ್ತಲಿಲ್ಲ.

ಚಳಿಗಾಲ ಶುರುವಾದ ಮೇಲೆ ಒಂದು ದಿನ ವಿಜಯಮಹಾಂತೇಶರಿಗೆ ಹುನಗುಂದದ ತಾಲೂಕು ಕಚೇರಿಯಲ್ಲಿ ಕೆಲಸವಿತ್ತು. ತಂದೆಯ ಕಾಲದ ಅಂಗಡಿ ಜಾಗದ ದಾಖಲೆಯ ಉತಾರ ತೆಗೆಸಬೇಕಾಗಿತ್ತು. ಕೆಲಸ ಮುಗಿಸಿ ಸಂಜೆ ಬಸ್ ಸ್ಟ್ಯಾಂಡಿಗೆ ಬಂದಾಗ ಇಳಕಲ್ ಬಸ್ಸು ನಿಲ್ಲುವ ಕಡೆ ಕಾಲೇಜು ಹುಡುಗಿಯರ ಗುಂಪೊಂದು ನಿಂತಿತ್ತು. ನಡುವೆ ನೇತ್ರಾ ಇದ್ದಳು. ಒಂದು ಕೈಯಲ್ಲಿ ಕಾಗದದಲ್ಲಿ ಕಟ್ಟಿದ ಗಿರಮಿಟ್ಟು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಏನೋ ಹೇಳುತ್ತಿದ್ದಳು. ಯಾರದೋ ನಡಿಗೆಯ ಅಣಕು ಇರಬೇಕು, ಎರಡು ಹೆಜ್ಜೆ ನಡೆದೂ ತೋರಿಸಿದಳು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಬಲ್ಲಳು ಎಂದು ಅವರಿಗೆ ಗೊತ್ತಿರಲಿಲ್ಲ.

ಅವರು ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತರು. ಗಾಡಿಯವ ಒಂದು ಗ್ಲಾಸು ಕೊಡಲೇ ಎಂಬಂತೆ ನೋಡಿದ. ಹೂಂ ಎಂದು ಹಣ ಕೊಟ್ಟರು. ಬಸ್ಸು ಬಂತು. ಹುಡುಗಿಯರು ನೂಕಾಡಿ ಹತ್ತಿದರು, ನೇತ್ರಾ ಕಿಟಕಿಯ ಹತ್ತಿರ ಕುಳಿತಳು. ಅದೇ ಬಸ್ಸಿಗೆ ಅವರೂ ಹೋಗಬಹುದಾಗಿತ್ತು, ಒಳಗೆ ಜಾಗವಿತ್ತು. ಹೋದರೆ ಅವಳು ಎದ್ದು ತನ್ನ ಜಾಗ ಕೊಡುತ್ತಿದ್ದಳು, ಕೂಡ್ರಿ ಅಪ್ಪಾಜಿ ಎನ್ನುತ್ತಿದ್ದಳು, ಇಳಕಲ್ ಬರುವ ತನಕ ಆ ಹುಡುಗಿಯರು ಸುಮ್ಮನಿರುತ್ತಿದ್ದರು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅವರು ಗ್ಲಾಸು ಕೆಳಗಿಟ್ಟು ಬಂದು ಕಲ್ಲಿನ ಕಟ್ಟೆಯ ಮೇಲೆ ಕುಳಿತರು. ಮುಂದಿನ ಬಸ್ಸು ಯಾವಾಗ ಎಂದು ಪಕ್ಕದವನು ಕೇಳಿದ. ಗೊತ್ತಿಲ್ಲ ಎಂದರು.